ಮಾಲೆ ಹಾಕಿ ಎಣ್ಣೆ ಬಿಟ್ಟ ಮರುದಿನ ಫಿಟ್ಸ್, ಮೂರನೇ ದಿನ ಸನ್ನಿ: ಯಾರನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು, ಯಾರನ್ನು ಕೂಡದು?

ಉಪಕೇಂದ್ರ_ಸಿಎಚ್‌ಒ ಕೇಳಿದ್ದು:

ನವೆಂಬರ್ ಮಧ್ಯದಿಂದ ಹಳ್ಳಿಗಳಲ್ಲಿ ಅಯ್ಯಪ್ಪ ಮಾಲೆ ಹಾಕುವವರು ಹೆಚ್ಚು. ಅವರಲ್ಲಿ ದಿನವೂ ಕುಡಿಯುವವರೂ ಇರುತ್ತಾರೆ. ಮಾಲೆ ಬಿದ್ದ ಬೆಳಿಗ್ಗೆಯಿಂದ ಒಂದು ಹನಿಯೂ ಇಲ್ಲ, ಮನೆಯವರಿಗೆ ಸಂತೋಷ. ಸಂಜೆಗೇ ಕೈ ನಡುಕ, ವಾಂತಿ ಶುರು. ಮರುದಿನ ಕೆಲವರಿಗೆ ಫಿಟ್ಸ್. ಮೂರನೇ ದಿನಕ್ಕೆ ಗೋಡೆ ಮೇಲೆ ಹುಳ ಹರಿಯುತ್ತಿವೆ ಅನ್ನುತ್ತಾ ರಾತ್ರಿಯಿಡೀ ಓಡಾಡುತ್ತಾರೆ. ವ್ರತದಲ್ಲಿ ಏನೋ ಮೈಲಿಗೆಯಾಗಿದೆ ಎಂದು ಮನೆಯವರು ಮೊದಲು ದೇವಸ್ಥಾನಕ್ಕೆ ಹೋಗುತ್ತಾರೆ, ಆಸ್ಪತ್ರೆ ಆಮೇಲೆ.

ನನಗೆ ಬೇಕಾಗಿರುವುದು ಇಷ್ಟು. ದಿನಕ್ಕೆ ಎಷ್ಟು ಕುಡಿಯುವವರನ್ನು ಅಪಾಯದ ಪಟ್ಟಿಗೆ ಸೇರಿಸಬೇಕು? ಯಾರನ್ನು ಮನೆಯಲ್ಲೇ ನೋಡಿಕೊಳ್ಳಬಹುದು? ಸುಸ್ತು ಅಂತ ಬಂದವರಿಗೆ ಗ್ಲೂಕೋಸ್ ಬಾಟಲಿ ಏರಿಸುವುದು ಎಲ್ಲ ಕಡೆ ರೂಢಿಯಲ್ಲಿದೆ, ಅದು ಸರಿಯೇ? ಕೊನೆಯದು, ಗೊತ್ತಾಗದ ಹಾಗೆ ಸಾರಿಗೆ ಬೆರೆಸುವ 'ಕುಡಿತ ಬಿಡಿಸುವ ಮಾತ್ರೆ'ಯನ್ನು ಕೇಳಿಕೊಂಡು ಬರುವ ಹೆಂಗಸರಿಗೆ ಏನು ಹೇಳಬೇಕು? ಉಪದೇಶ ಬೇಡ, ಕೆಲಸಕ್ಕೆ ಬರುವಂಥದ್ದು ಬೇಕು.

ಮನೋವೈದ್ಯ_ಬಯಲುಸೀಮೆ ಉತ್ತರ:

ಲೆಕ್ಕದಿಂದಲೇ ಶುರು ಮಾಡೋಣ. 'ಸ್ವಲ್ಪ ತಗೋತಾರೆ' ಅನ್ನುವ ಮಾತಿಗೆ ಬೆಲೆ ಇಲ್ಲ, ಪ್ಯಾಕೆಟ್ ಎಣಿಸಿ. ನಮ್ಮಲ್ಲಿ ಸಿಗುವ ವಿಸ್ಕಿ, ಬ್ರಾಂಡಿ, ರಮ್ ಎಲ್ಲದರಲ್ಲೂ ಆಲ್ಕೊಹಾಲ್ 42.8%. 90 ಮಿ.ಲೀ. ಪ್ಯಾಕೆಟ್ ಅಂದರೆ ಸುಮಾರು 30 ಗ್ರಾಂ ಶುದ್ಧ ಆಲ್ಕೊಹಾಲ್, 180ರ ಕ್ವಾರ್ಟರ್ ಅಂದರೆ 60 ಗ್ರಾಂ. 650 ಮಿ.ಲೀ. ಸ್ಟ್ರಾಂಗ್ ಬಿಯರ್ 8% ಇದ್ದರೆ 40 ಗ್ರಾಂ, ಹಾಗಾಗಿ 'ಬರೀ ಬಿಯರ್' ಅನ್ನುವವರನ್ನೂ ಬಿಡಬೇಡಿ. ದಿನವೂ ಎರಡು ಕ್ವಾರ್ಟರ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಬಂದೇ ಬರುತ್ತದೆ ಎಂದುಕೊಂಡು ತಯಾರಿ ಮಾಡಿ. ಅದಕ್ಕಿಂತ ಕಡಿಮೆ ಇದ್ದರೂ ಒಂದು ಪ್ರಶ್ನೆ ಕೇಳಲೇಬೇಕು: ಬೆಳಿಗ್ಗೆ ಎದ್ದ ತಕ್ಷಣ ನಡುಕ ನಿಲ್ಲಿಸಲು ಕುಡಿಯಬೇಕಾ? ಹೌದು ಅಂದರೆ ಮೆದುಳು ಆಲ್ಕೊಹಾಲಿಗೆ ಒಗ್ಗಿಹೋಗಿದೆ. ಪ್ರಮಾಣಕ್ಕಿಂತ ಈ ಉತ್ತರವೇ ಹೆಚ್ಚು ಹೇಳುತ್ತದೆ.

ಫಿಟ್ಸ್ ಯಾಕೆ ಬರುತ್ತದೆ? ಮೆದುಳಿನಲ್ಲಿ ಗಾಬಾ ಅನ್ನುವುದು ನರಕೋಶಗಳನ್ನು ತಣ್ಣಗಿಡುವ ರಾಸಾಯನಿಕ, ಗ್ಲುಟಮೇಟ್ ಅವನ್ನು ಕೆರಳಿಸುವಂಥದ್ದು. ಆಲ್ಕೊಹಾಲ್ ಮೊದಲನೆಯದಕ್ಕೆ ಬಲ ಕೊಡುತ್ತದೆ, ಎರಡನೆಯದನ್ನು ಅದುಮುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಮೆದುಳು ಸರಿದೂಗಿಸಿಕೊಳ್ಳಲು ಗಾಬಾ ಗ್ರಾಹಕಗಳ ಸ್ಪಂದನೆಯನ್ನು ಕುಗ್ಗಿಸಿ, ಗ್ಲುಟಮೇಟಿನ ಎನ್‌ಎಂಡಿಎ ಗ್ರಾಹಕಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ಒಂದು ದಿನ ಆಲ್ಕೊಹಾಲನ್ನು ಕಿತ್ತುಬಿಟ್ಟರೆ ಕೆರಳಿಸುವ ವ್ಯವಸ್ಥೆಯೊಂದೇ ಪೂರ್ತಿ ಬಲದಲ್ಲಿ ಉಳಿಯುತ್ತದೆ. ನಡುಕ, ಬೆವರು, ಎದೆ ಬಡಿತ, ಬಿಪಿ ಏರುವುದು, ಫಿಟ್ಸ್ ಎಲ್ಲದರ ಮೂಲ ಅದೇ.

ಇದಕ್ಕೊಂದು ವೇಳಾಪಟ್ಟಿ ಇದೆ. ಕೊನೆಯ ಗುಟುಕಿನಿಂದ ಗಂಟೆ ಎಣಿಸಿ. 6ರಿಂದ 12 ಗಂಟೆಯೊಳಗೆ ನಡುಕ, ವಾಕರಿಕೆ, ನಿದ್ದೆ ಬಾರದಿರುವುದು. 12ರಿಂದ 24 ಗಂಟೆಯಲ್ಲಿ ಕೆಲವರಿಗೆ ಏನೇನೋ ಕಾಣುವುದು, ಕೇಳಿಸುವುದು. ಆದರೆ ಆ ಹಂತದಲ್ಲಿ ಹೆಸರು, ಊರು, ದಿನ ಎಲ್ಲ ಸರಿಯಾಗಿ ಹೇಳುತ್ತಾರೆ. ಫಿಟ್ಸ್ 6ರಿಂದ 48 ಗಂಟೆಯೊಳಗೆ, ಹೆಚ್ಚಿನವರಿಗೆ 24ರ ಆಸುಪಾಸು. ನಿಜವಾದ ಸನ್ನಿ, ಅಂದರೆ ಡೆಲಿರಿಯಂ ಟ್ರೆಮೆನ್ಸ್, ಕಾಣಿಸಿಕೊಳ್ಳುವುದು 48ರಿಂದ 96 ಗಂಟೆಯ ನಡುವೆ. ಎರಡನೇ ದಿನ ಸಂಜೆ 'ಪರವಾಗಿಲ್ಲ, ಸುಧಾರಿಸ್ತಿದ್ದಾರೆ' ಎಂದು ಮನೆಗೆ ಕಳಿಸಿದವರು ಮೂರನೇ ರಾತ್ರಿ ವಾಪಸ್ ಬರುವುದು ಇದೇ ಕಾರಣಕ್ಕೆ. ಇನ್ನೊಂದು, ಬಾಯಲ್ಲಿ ವಾಸನೆ ಇದೆ ಅಂದ ಮಾತ್ರಕ್ಕೆ ಇದು ವಿತ್‌ಡ್ರಾವಲ್, ಅಂದರೆ ಕುಡಿತ ನಿಂತಾಗ ಬರುವ ತೊಂದರೆ, ಅಲ್ಲ ಎನ್ನಬೇಡಿ. ದೊಡ್ಡ ಪ್ರಮಾಣಕ್ಕೆ ಒಗ್ಗಿದವರಲ್ಲಿ ರಕ್ತದ ಮಟ್ಟ ಇಳಿಯತೊಡಗಿದಾಗಲೇ ಶುರುವಾಗುತ್ತದೆ, ಸೊನ್ನೆಗೆ ಬರುವ ತನಕ ಕಾಯುವುದಿಲ್ಲ.

ಇವರನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ: ಹಿಂದೆ ಯಾವಾಗಲಾದರೂ ಕುಡಿತ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದವರು, ಕಾಮಾಲೆ, ಹೊಟ್ಟೆಯಲ್ಲಿ ನೀರು, ರಕ್ತವಾಂತಿ ಇರುವವರು, ಜ್ವರ ಇರುವವರು, ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡವರು, ಅಲ್ಪ್ರಜೋಲಾಂ ಥರದ ನಿದ್ದೆ ಮಾತ್ರೆಯನ್ನೂ ಜೊತೆಗೆ ನುಂಗುವವರು, ಸಾಯುವ ಮಾತಾಡುವವರು, ಗರ್ಭಿಣಿಯರು, 65 ದಾಟಿದವರು, ಮನೆಯಲ್ಲಿ ಹಗಲೂ ರಾತ್ರಿ ಜೊತೆಗಿರಲು ಒಬ್ಬರೂ ಇಲ್ಲದವರು. ಇಷ್ಟರಲ್ಲಿ ಒಂದೂ ಇಲ್ಲ, ನಡುಕ ಸಾಧಾರಣ ಇದೆ, ತಾಲ್ಲೂಕು ಆಸ್ಪತ್ರೆ ಹತ್ತಿರ ಇದೆ ಅಂದರೆ ಮಾತ್ರ ಮನೆಯಲ್ಲಿ.

ವಿತ್‌ಡ್ರಾವಲ್ ಎಷ್ಟು ತೀವ್ರ ಎಂದು ಅಳೆಯಲು ಸೀವಾ (CIWA-Ar) ಪಟ್ಟಿ ಬಳಸಿ. ಹತ್ತು ಅಂಶ, ಒಟ್ಟು 67 ಅಂಕ. 8ಕ್ಕಿಂತ ಕೆಳಗಿದ್ದರೆ ಸೌಮ್ಯ, 8ರಿಂದ 15 ಮಧ್ಯಮ, ಅದಕ್ಕೆ ಮೇಲ್ಪಟ್ಟು ತೀವ್ರ. ಎರಡೂ ಕೈ ಮುಂದೆ ಚಾಚಿ ಬೆರಳು ಅಗಲಿಸಲು ಹೇಳಿ. ಬೆರಳ ತುದಿ ಮುಟ್ಟಿದಾಗ ಮಾತ್ರ ನಡುಕ ತಿಳಿದರೆ 1, ಕೈ ಚಾಚಿದಾಗ ಕಣ್ಣಿಗೆ ಕಂಡರೆ 4, ಕೈ ಚಾಚದೆಯೇ ಗಡಗಡ ಅಂದರೆ 7.

ಚಿಕಿತ್ಸೆ ಬೆಂಜೊಡಯಾಜೆಪೀನ್, ಅಂದರೆ ಮೆದುಳನ್ನು ಶಾಂತಗೊಳಿಸುವ ಗುಂಪಿನ ಔಷಧಿ. ವೈದ್ಯರು ನೋಡಿಯೇ ಬರೆಯಬೇಕು. ಸಾಮಾನ್ಯವಾಗಿ ಕ್ಲೋರ್‌ಡಯಾಜೆಪಾಕ್ಸೈಡ್, ಮಧ್ಯಮ ಮಟ್ಟಕ್ಕೆ ಮೊದಲ ದಿನ 25 ಮಿ.ಗ್ರಾಂ ನಾಲ್ಕು ಸಲ. ಆಮೇಲೆ ದಿನಕ್ಕೆ ಐದನೇ ಒಂದು ಭಾಗದಷ್ಟು ಇಳಿಸುತ್ತಾ 5ರಿಂದ 7 ದಿನದಲ್ಲಿ ಮುಗಿಸುವುದು. ತೀವ್ರ ಇದ್ದವರಿಗೆ ಇದು ಸಾಲದು, ಅವರು ವಾರ್ಡಿನಲ್ಲಿರಬೇಕು. ಲಿವರ್ ಕೆಟ್ಟವರಿಗೆ ಮತ್ತು ವಯಸ್ಸಾದವರಿಗೆ ಲೊರಾಜೆಪಾಂ, ಯಾಕೆಂದರೆ ಕ್ಲೋರ್‌ಡಯಾಜೆಪಾಕ್ಸೈಡ್, ಡಯಾಜೆಪಾಂ ಎರಡೂ ಲಿವರಿನಲ್ಲಿ ಒಡೆದು ದಿನಗಟ್ಟಲೆ ಮೈಯಲ್ಲಿ ಉಳಿಯುವ ಅಂಶಗಳಾಗುತ್ತವೆ, ನಾಲ್ಕನೇ ದಿನಕ್ಕೆ ರೋಗಿ ಏಳುವುದೇ ಇಲ್ಲ. ಮನೆಗೆ ಕೊಡುವಾಗ ಒಂದು ದಿನದ ಮಾತ್ರೆ ಮಾತ್ರ, ಅದೂ ಮನೆಯವರ ಕೈಗೆ. ಕುಡಿದು ಬಂದಿದ್ದರೆ ಮಾತ್ರೆ ಕೊಡದೆ ಫೋನ್ ಮಾಡಲಿ. ಎರಡೂ ಸೇರಿದರೆ ಉಸಿರಾಟ ಕುಸಿಯುತ್ತದೆ.

ಎರಡು ತಪ್ಪು ಮತ್ತೆ ಮತ್ತೆ ಕಾಣುತ್ತವೆ. ಗಲಾಟೆ ಮಾಡುತ್ತಾರೆಂದು ಬರೀ ಹ್ಯಾಲೊಪೆರಿಡಾಲ್ (ಚಿತ್ತಭ್ರಮೆಗೆ ಕೊಡುವ ಔಷಧಿ) ಚುಚ್ಚುವುದು ಒಂದು. ಅದು ಫಿಟ್ಸ್ ಬರುವ ಮಿತಿಯನ್ನು ಇನ್ನೂ ಇಳಿಸುತ್ತದೆ, ಬೆಂಜೊ ಸಾಕಷ್ಟು ಕೊಟ್ಟ ಮೇಲಷ್ಟೇ ಅದರ ಮಾತು. ಫಿಟ್ಸ್ ಬಂತೆಂದು ಮೂರ್ಛೆರೋಗದ ಮಾತ್ರೆ ಫೆನಿಟಾಯಿನ್ ಶುರು ಮಾಡಿ ತಿಂಗಳುಗಟ್ಟಲೆ ನುಂಗಿಸುವುದು ಇನ್ನೊಂದು. ಕುಡಿತ ಬಿಟ್ಟಾಗ ಬರುವ ಫಿಟ್ಸನ್ನು ಫೆನಿಟಾಯಿನ್ ತಡೆಯುವುದಿಲ್ಲ.

ಇನ್ನು ಮಾಲೆಯ ವಿಷಯ. ಈ ರೋಗಕ್ಕೆ ಒಂದು ಕೆಟ್ಟ ಗುಣ ಇದೆ: ಪ್ರತಿ ಸಲ ಬಿಟ್ಟು ಹಿಡಿದಾಗಲೂ ಮೆದುಳು ಇನ್ನಷ್ಟು ಸುಲಭವಾಗಿ ಕೆರಳುತ್ತದೆ. ಮೊದಲ ವರ್ಷ ನಡುಕ, ನಾಲ್ಕನೇ ವರ್ಷ ಫಿಟ್ಸ್, ಆಮೇಲೆ ಸನ್ನಿ. ಪ್ರತಿ ವರ್ಷ ಮಾಲೆಗೆ ಬಿಟ್ಟು, ಮಾಲೆ ತೆಗೆದ ಮೇಲೆ ಮತ್ತೆ ಹಿಡಿಯುವವರಿಗೆ ಇದು ನೇರವಾಗಿ ಅನ್ವಯಿಸುತ್ತದೆ. 'ಹೋದ ಸಲ ಏನೂ ಆಗಲಿಲ್ಲ' ಅನ್ನುವುದು ಈ ಸಲಕ್ಕೆ ಗ್ಯಾರಂಟಿ ಅಲ್ಲ. ಒಳ್ಳೆಯ ಸಂಗತಿ ಅಂದರೆ ಮಾಲೆ ಹಾಕುವ ದಿನ ಮೊದಲೇ ಗೊತ್ತಿರುತ್ತದೆ. ಅಪಘಾತವಾಗಿ ಆಸ್ಪತ್ರೆ ಸೇರಿದವನಿಗೆ ಆ ಅವಕಾಶ ಇರುವುದಿಲ್ಲ, ಇವರಿಗೆ ಇದೆ. ಮಾಲೆಗೆ ಹತ್ತು ಹನ್ನೆರಡು ದಿನ ಮುಂಚೆ ಬಂದು ಚಿಕಿತ್ಸೆಯಲ್ಲಿ ಬಿಟ್ಟರೆ ಮಾಲೆ ಬೀಳುವ ಹೊತ್ತಿಗೆ ಅಪಾಯದ ಅವಧಿ ಕಳೆದಿರುತ್ತದೆ. ಗುರುಸ್ವಾಮಿಗಳಿಗೆ ಈ ಒಂದು ಮಾತು ಮುಟ್ಟಿಸಿ. ಅವರು ಹೇಳಿದರೆ ಕೇಳುತ್ತಾರೆ, ನಾವು ಹೇಳಿದರೆ ಅಷ್ಟು ಕೇಳುವುದಿಲ್ಲ.

ರಾತ್ರಿಪಾಳಿ_ಸಿಸ್ಟರ್ ಉತ್ತರ:

ಗ್ಲೂಕೋಸ್ ಬಾಟಲಿ ಬಗ್ಗೆ. ಮೊದಲು ಬಿ1 (ಥಯಾಮಿನ್ ವಿಟಮಿನ್), ಆಮೇಲೆ ಗ್ಲೂಕೋಸ್. ಕುಡಿಯುವವರು ಊಟ ಬಿಟ್ಟಿರುತ್ತಾರೆ, ತಿಂದ ಅಲ್ಪಸ್ವಲ್ಪದಲ್ಲೂ ಬಿ1 ಕರುಳಿನಿಂದ ಒಳಗೆ ಹೋಗದ ಹಾಗೆ ಆಲ್ಕೊಹಾಲ್ ತಡೆದಿರುತ್ತದೆ. ದೇಹದಲ್ಲಿರುವ ಒಟ್ಟು ದಾಸ್ತಾನೇ ಸುಮಾರು 30 ಮಿ.ಗ್ರಾಂ, ಎರಡು ಮೂರು ವಾರದಲ್ಲಿ ಖಾಲಿ. ಗ್ಲೂಕೋಸನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಮೆದುಳಿಗೆ ಬಿ1 ಬೇಕೇ ಬೇಕು. ಅದಿಲ್ಲದವರಿಗೆ 5% ಡೆಕ್ಸ್‌ಟ್ರೋಸ್ 500 ಮಿ.ಲೀ., ಅಂದರೆ 25 ಗ್ರಾಂ ಸಕ್ಕರೆ, ಏರಿಸಿದರೆ ಉಳಿದ ಚೂರುಪಾರು ಬಿ1 ಕೂಡ ಕರಗಿ ವರ್ನಿಕೆ ಕಾಯಿಲೆ, ಅಂದರೆ ಬಿ1 ಕೊರತೆಯಿಂದ ಮೆದುಳಿಗಾಗುವ ಹಾನಿ, ಎದ್ದು ಕೂರಬಹುದು. ವಾಂತಿಯಿಂದ ನೀರು ಹೋಗಿದ್ದರೆ ನಾರ್ಮಲ್ ಸಲೈನ್ ಹಾಕಿ. ಶುಗರ್ ಮಾತ್ರ ಬಂದ ಕೂಡಲೇ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಗ್ಲೂಕೋಸ್ ತಡ ಮಾಡುವಂತಿಲ್ಲ, ಬಿ1 ಮತ್ತು ಗ್ಲೂಕೋಸ್ ಒಟ್ಟಿಗೇ ಕೊಡಿ. 'ಬಿ1 ಇಲ್ಲ, ಹಾಗಾಗಿ ಗ್ಲೂಕೋಸ್ ಕೊಡಲಿಲ್ಲ' ಅನ್ನುವುದೂ ತಪ್ಪೇ.

ವರ್ನಿಕೆಯ ಲಕ್ಷಣ ಮೂರು: ಗೊಂದಲ, ಕಣ್ಣು ಗುಡ್ಡೆ ಸರಿಯಾಗಿ ತಿರುಗದಿರುವುದು ಅಥವಾ ಅದುರುವುದು, ಕಾಲು ಅಗಲಿಸಿ ತೂರಾಡುವ ನಡಿಗೆ. ಮೂರೂ ಒಟ್ಟಿಗೆ ಕಾಣುವುದು ಕಡಿಮೆ ಜನರಲ್ಲಿ, ಆರರಲ್ಲಿ ಒಬ್ಬರಿಗೂ ಇರದು. ತೂರಾಟ ನೋಡಿ 'ಇನ್ನೂ ನಿಶೆ ಇಳಿದಿಲ್ಲ' ಎಂದು ಬಿಟ್ಟುಬಿಡುವುದೇ ಹೆಚ್ಚು. ಸಂಶಯ ಬಂದರೂ ಸಾಕು, ಚಿಕಿತ್ಸೆ ಶುರು: ಥಯಾಮಿನ್ 500 ಮಿ.ಗ್ರಾಂ, 100 ಮಿ.ಲೀ. ಸಲೈನಿನಲ್ಲಿ ಅರ್ಧ ಗಂಟೆ, ದಿನಕ್ಕೆ ಮೂರು ಸಲ, ಕನಿಷ್ಠ ಎರಡು ಮೂರು ದಿನ. ಲಕ್ಷಣ ಇಲ್ಲದವರಿಗೆ ತಡೆಗೆಂದು 100ರಿಂದ 250 ಮಿ.ಗ್ರಾಂ ದಿನಕ್ಕೊಮ್ಮೆ ಸ್ನಾಯುವಿಗೋ ನರಕ್ಕೋ 3ರಿಂದ 5 ದಿನ, ಆಮೇಲೆ ಮಾತ್ರೆ. ಮೆಡಿಕಲ್ ಸ್ಟೋರಿನ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಇರುವ ಬಿ1 ಸುಮಾರು 10 ಮಿ.ಗ್ರಾಂ, ಅದರಿಂದ ಇದು ಆಗುವ ಕೆಲಸವಲ್ಲ. ಮೆಗ್ನೀಸಿಯಂ ಕಡಿಮೆ ಇದ್ದರೆ ಎಷ್ಟು ಬಿ1 ಕೊಟ್ಟರೂ ಸ್ಪಂದಿಸುವುದಿಲ್ಲ, ಪೊಟ್ಯಾಸಿಯಂ ಜೊತೆ ಅದನ್ನೂ ನೋಡಬೇಕು. ಈ ಅವಕಾಶ ಕೈತಪ್ಪಿದರೆ ಕೊರ್ಸಕಾಫ್: ಹತ್ತು ನಿಮಿಷದ ಹಿಂದಿನದೂ ನೆನಪಿರುವುದಿಲ್ಲ, ಖಾಲಿ ಜಾಗ ತುಂಬಲು ಇಲ್ಲದ್ದನ್ನು ಕಟ್ಟಿ ಹೇಳುತ್ತಾರೆ. ಅದು ಪೂರ್ತಿ ವಾಸಿಯಾಗುವುದು ವಿರಳ.

ಸನ್ನಿ ಗುರುತಿಸುವುದಕ್ಕೆ: ಮೊದಲ ಸುಳಿವು ದಿನ, ಜಾಗದ ಗುರುತು ತಪ್ಪುವುದು. ಹಾಸಿಗೆಯ ಮೇಲೆ ಇಲ್ಲದ ದಾರ ಹೆಕ್ಕುತ್ತಾರೆ, ಹೊದಿಕೆಯ ಅಂಚು ಕೀಳುತ್ತಲೇ ಇರುತ್ತಾರೆ. ಅವರವರ ಕಸುಬೇ ಕೈಯಲ್ಲಿ ಬರುವುದುಂಟು. ಆಟೊ ಓಡಿಸುವವರು ಮಂಚದ ಮೇಲೆ ಕೂತು ಹ್ಯಾಂಡಲ್ ತಿರುಗಿಸಿ, ಪಕ್ಕದವರನ್ನು ಎಲ್ಲಿಗೆ ಹೋಗಬೇಕು ಎಂದು ಕೇಳುತ್ತಾರೆ. ಟೈಲರ್ ಸೂಜಿಗೆ ದಾರ ಪೋಣಿಸುತ್ತಾರೆ. ದೆವ್ವ ಮೆಟ್ಟಿದೆ ಅನ್ನಿಸುವುದು ಇಲ್ಲೇ. ನಾಡಿ 120 ದಾಟಿರುತ್ತದೆ, ಮೈ ಒದ್ದೆ, ಜ್ವರ. ಇಂಥವರನ್ನು ಕತ್ತಲೆ ಕೋಣೆಗೆ ಹಾಕಿ ಬೀಗ ಹಾಕುವುದು ಅತ್ಯಂತ ಕೆಟ್ಟ ಉಪಾಯ. ಕತ್ತಲೆಯಲ್ಲಿ ಕಾಣುವುದು ಇನ್ನೂ ಹೆಚ್ಚಾಗುತ್ತದೆ. ದೀಪ ಉರಿಯಲಿ, ಗುರುತಿನವರೊಬ್ಬರು ಎದುರಿಗೆ ಕೂರಲಿ, ಹತ್ತು ಜನ ಸುತ್ತ ನಿಲ್ಲುವುದು ಬೇಡ. ಸನ್ನಿಗೆ ಚಿಕಿತ್ಸೆ ಇಲ್ಲದಿದ್ದರೆ ಸಾವು ಅಪರೂಪವಲ್ಲ, ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಐದಕ್ಕಿಂತ ಕಡಿಮೆ.

ಆದರೆ ಕುಡಿಯುವವರ ಗೊಂದಲವೆಲ್ಲ ವಿತ್‌ಡ್ರಾವಲ್ ಅಲ್ಲ. ಒಂದು ಕಡೆಯ ಕಣ್ಣಿನ ಪಾಪೆ ದೊಡ್ಡದಿದ್ದರೆ, ಒಂದೇ ಕಡೆ ಕೈಕಾಲು ಸೋತಿದ್ದರೆ, ಫಿಟ್ಸ್ ಒಂದೇ ಪಕ್ಕಕ್ಕೆ ಬಂದಿದ್ದರೆ ತಲೆಯೊಳಗೆ ರಕ್ತ ಹೆಪ್ಪುಗಟ್ಟಿರಬಹುದು, ಸಿಟಿ ಸ್ಕ್ಯಾನ್ ಬೇಕು. ಮಂಪರು, ಕಾಮಾಲೆ, ಚಾಚಿದ ಅಂಗೈ ಬಡಬಡ ಬೀಳುವುದು ಲಿವರಿನ ಗೊಂದಲ. ಇವರಿಗೆ ನಿದ್ದೆ ಮಾತ್ರೆ ತುಂಬಿದರೆ ಇನ್ನೂ ಕೆಳಗೆ ಹೋಗುತ್ತಾರೆ.

ಫಿಟ್ಸ್ ಬಂದಾಗ ಪಕ್ಕಕ್ಕೆ ಮಗ್ಗುಲು ಮಾಡಿಸಿ, ಕತ್ತಿನ ಬಿಗಿ ಸಡಿಲಿಸಿ, ಗಡಿಯಾರ ನೋಡಿ. ಕೈಗೆ ಬೀಗದ ಕೈ, ಕಬ್ಬಿಣ ಕೊಡುವುದರಿಂದ ಏನೂ ಆಗುವುದಿಲ್ಲ. ಹಲ್ಲಿನ ನಡುವೆ ಚಮಚ ತುರುಕಿದರೆ ಹಲ್ಲು ಮುರಿದು ಶ್ವಾಸನಾಳಕ್ಕೆ ಹೋಗುತ್ತದೆ.

ಉಪಕೇಂದ್ರ_ಸಿಎಚ್‌ಒ:

ತುಂಬಾ ಉಪಯೋಗವಾಯಿತು. ಎರಡು ಸಂಶಯ. ಆಸ್ಪತ್ರೆಗೆ ಬರಲು ಒಪ್ಪದವರು ಎಣ್ಣೆಯನ್ನೇ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು ಬಂದರೆ ನಡೆಯುತ್ತದೆಯೇ? ಇನ್ನೊಂದು, ಫಿಟ್ಸ್ ನಿಂತು ಮಾತಾಡುತ್ತಿದ್ದರೆ ಕಳಿಸಲೇಬೇಕೇ?

ಮನೋವೈದ್ಯ_ಬಯಲುಸೀಮೆ:

ಏನೂ ಇಲ್ಲದೆ ಒಮ್ಮೆಲೇ ನಿಲ್ಲಿಸುವುದಕ್ಕಿಂತ ಇಳಿಸುವುದು ವಾಸಿ. ದಿನದ ಪ್ರಮಾಣದಲ್ಲಿ ಹತ್ತನೇ ಒಂದು ಭಾಗದಷ್ಟು, ಎರಡು ಮೂರು ದಿನಕ್ಕೊಮ್ಮೆ. ಮೂರು ಕ್ವಾರ್ಟರ್ 540 ಮಿ.ಲೀ. ಆದರೆ ಮೊದಲ ಇಳಿಕೆ ಸುಮಾರು 50 ಮಿ.ಲೀ. ಅಳತೆ ಲೋಟದಲ್ಲಿ, ಮನೆಯವರ ಕೈಯಿಂದ, ದಿನದಲ್ಲಿ ನಾಲ್ಕೈದು ಪಾಲಾಗಿ, ನೀರು ಬೆರೆಸಿ, ಊಟದ ಜೊತೆ. ನಡುಕ ಜಾಸ್ತಿಯಾದರೆ ಅದೇ ಪ್ರಮಾಣದಲ್ಲಿ ಇನ್ನೂ ಎರಡು ದಿನ. ಜೊತೆಗೆ ಬಿ1 ಮಾತ್ರೆ 100 ಮಿ.ಗ್ರಾಂ ದಿನಕ್ಕೆ ಮೂರು. ಬಾಟಲಿ ಅವರ ಕೈಯಲ್ಲೇ ಇದ್ದರೆ ಇದು ನಡೆಯುವುದಿಲ್ಲ ಅನ್ನುವುದು ಬೇರೆ ಮಾತು. ಹಿಂದೆ ಫಿಟ್ಸ್ ಬಂದವರಿಗೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ.

ಫಿಟ್ಸ್ ನಿಂತರೂ ಕಳಿಸಲೇಬೇಕು. ಒಮ್ಮೆ ಬಂದರೆ ಆರು ಗಂಟೆಯೊಳಗೆ ಮತ್ತೆ ಬರುವುದು ಸಾಮಾನ್ಯ, ಸನ್ನಿಗೂ ಅದೇ ಮುನ್ಸೂಚನೆ. ಫಿಟ್ಸ್ ನಿಂತ ಮೇಲೂ ಲೊರಾಜೆಪಾಂ 2 ಮಿ.ಗ್ರಾಂ ನರಕ್ಕೆ ಕೊಟ್ಟರೆ ಎರಡನೆಯದು ಬರುವ ಸಂಭವ ಗಣನೀಯವಾಗಿ ಇಳಿಯುತ್ತದೆ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ವೈದ್ಯರು ಇದನ್ನು ಅಲ್ಲೇ ಮಾಡಬಹುದು.

ಔಷಧಿ_ಅಂಗಡಿ_ಒಳಗಿಂದ ಉತ್ತರ:

ಸಾರಿಗೆ ಬೆರೆಸುವ ಮಾತ್ರೆ ಅಂದರೆ ಡೈಸಲ್ಫಿರಾಮ್, ಬಹುಪಾಲು 250 ಮಿ.ಗ್ರಾಂ. ಕೇಳಿಕೊಂಡು ಬರುವವರ ಸಂಕಟ ಅರ್ಥವಾಗುತ್ತದೆ, ಆದರೂ ಕೊಡಬಾರದು. ಕಾರಣ ಹೀಗೆ. ಲಿವರ್ ಆಲ್ಕೊಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಮಾಡಿ, ಆಮೇಲೆ ಅಸಿಟೇಟ್ ಮಾಡುತ್ತದೆ. ಈ ಮಾತ್ರೆ ಎರಡನೇ ಹೆಜ್ಜೆಯನ್ನು ಕಟ್ಟಿಹಾಕುತ್ತದೆ. ಅಸಿಟಾಲ್ಡಿಹೈಡ್ ರಕ್ತದಲ್ಲಿ ಶೇಖರವಾಗಿ ಕುಡಿದ 10ರಿಂದ 30 ನಿಮಿಷದಲ್ಲಿ ಮುಖ ಕೆಂಪಗೆ ಕಾಯುವುದು, ತಲೆ ಸಿಡಿತ, ವಾಂತಿ, ಎದೆ ಬಡಿತ, ಬಿಪಿ ಕುಸಿತ. ಹೃದಯ ದುರ್ಬಲ ಇದ್ದವರು ಸತ್ತಿರುವುದುಂಟು. ಈ ಮಾತ್ರೆ ಕೆಲಸ ಮಾಡುವುದೇ 'ಕುಡಿದರೆ ಹೀಗಾಗುತ್ತದೆ' ಎಂದು ನುಂಗಿದವರಿಗೆ ಗೊತ್ತಿರುವುದರಿಂದ. ಗೊತ್ತೇ ಇಲ್ಲದವರು ಸಂಜೆ ಎಂದಿನಂತೆ ಎರಡು ಕ್ವಾರ್ಟರ್ ಏರಿಸುತ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಇದು ಹಾರ್ಟ್ ಅಟ್ಯಾಕೋ ವಿಷವೋ ತಿಳಿಯುವುದಿಲ್ಲ, ಮನೆಯವರು ಹೆದರಿ ಬಾಯಿ ಬಿಡುವುದಿಲ್ಲ. ಹೆಸರಿಲ್ಲದ ಪುಡಿ, 'ಆಯುರ್ವೇದಿಕ್' ಹನಿ ಎಂದು ಅಂಚೆಯಲ್ಲಿ ಬರುವುದರಲ್ಲಿ ಏನಿದೆ ಅನ್ನುವುದೂ ಗೊತ್ತಿರುವುದಿಲ್ಲ, ಅದನ್ನಂತೂ ಮುಟ್ಟಬೇಡಿ.

ಒಪ್ಪಿ ನುಂಗುವವರಿಗೆ ಇದು ಒಳ್ಳೆಯ ಔಷಧಿಯೇ, ಸರಿಯಾದ ರೀತಿಯಲ್ಲಿ ಕೊಟ್ಟರೆ. ಕೊನೆಯ ಪೆಗ್ಗಿನಿಂದ ಕನಿಷ್ಠ 24 ಗಂಟೆ ಕಳೆದಿರಬೇಕು. ಶುರು ಮಾಡುವ ಮುಂಚೆ ಎಲ್‌ಎಫ್‌ಟಿ (ಲಿವರಿನ ರಕ್ತಪರೀಕ್ಷೆ), ಇಸಿಜಿ. ಎರಡು ವಾರಕ್ಕೆ ಮತ್ತೆ ಎಲ್‌ಎಫ್‌ಟಿ. ಕಣ್ಣು ಹಳದಿ, ಮೂತ್ರ ಕಂದು ಆದರೆ ತಕ್ಷಣ ನಿಲ್ಲಿಸಬೇಕು. ಬೆಳಿಗ್ಗೆ ಹೆಂಡತಿಯ ಅಥವಾ ಇನ್ನೊಬ್ಬರ ಎದುರಿಗೇ ನುಂಗಿದರೆ ಫಲ ಹೆಚ್ಚು. ನಿಲ್ಲಿಸಿದ ಮೇಲೂ ಎರಡು ವಾರದ ತನಕ ಕುಡಿದರೆ ರಿಯಾಕ್ಷನ್ ಬರಬಹುದು, 'ನಿನ್ನೆಯಿಂದ ಬಿಟ್ಟಿದ್ದೀನಿ' ಎಂದು ಕುಡಿಯುವಂತಿಲ್ಲ. ಆಲ್ಕೊಹಾಲ್ ಇರುವ ಕೆಮ್ಮಿನ ಸಿರಪ್, ಅರಿಷ್ಟ, ಆಸವ ಕೂಡ ಬೇಡ. ದ್ರಾಕ್ಷಾಸವ, ಅಶ್ವಗಂಧಾರಿಷ್ಟಗಳಲ್ಲಿ ಹುದುಗಿ ಬಂದ ಆಲ್ಕೊಹಾಲ್ ಇದೆ ಅನ್ನುವುದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಜೊತೆ ಸೇರಿದರೆ ತಲೆ ಕೆಟ್ಟು ಭ್ರಮೆ ಬರಬಹುದು. ಹೃದ್ರೋಗ, ಚಿತ್ತಭ್ರಮೆ, ಕೆಟ್ಟ ಲಿವರ್, ಗರ್ಭಿಣಿಯರು, ಇಷ್ಟು ಜನಕ್ಕೆ ಇಲ್ಲ.

ಇದೊಂದೇ ಮಾತ್ರೆ ಅಂದುಕೊಳ್ಳಬೇಡಿ. ನಾಲ್ಟ್ರೆಕ್ಸೋನ್ 50 ಮಿ.ಗ್ರಾಂ ದಿನಕ್ಕೊಂದು, ಕುಡಿದಾಗ ಸಿಗುವ ಮಜವನ್ನು ತಗ್ಗಿಸುತ್ತದೆ. ಟ್ರಮಡಾಲ್, ಟ್ಯಾಪೆಂಟಡಾಲ್ ಥರದ ಓಪಿಯಾಯ್ಡ್ (ಅಫೀಮಿನ ಗುಣದ) ನೋವಿನ ಮಾತ್ರೆ ನುಂಗುವವರಿಗೆ ಕೊಟ್ಟರೆ ಓಪಿಯಾಯ್ಡ್ ವಿತ್‌ಡ್ರಾವಲ್ ಭುಗಿಲೇಳುತ್ತದೆ, ಅದನ್ನು ಮೊದಲು ಕೇಳಿ. ಅಕಾಂಪ್ರೊಸೇಟ್ 333 ಮಿ.ಗ್ರಾಂ ಎರಡೆರಡು ಮೂರು ಹೊತ್ತು, ಲಿವರಿಗೆ ಹಗುರ. ಅದು ಕಿಡ್ನಿಯಿಂದ ಹೊರಹೋಗುವುದರಿಂದ ಕ್ರಿಯಾಟಿನಿನ್ ನೋಡಬೇಕು. ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವುದು) ಇದ್ದವರಿಗೆ ಬ್ಯಾಕ್ಲೋಫೆನ್ 10 ಮಿ.ಗ್ರಾಂ ಮೂರು ಹೊತ್ತು ಕೊಡುವುದುಂಟು, ಸಣ್ಣದರಿಂದ ಶುರು ಮಾಡಿ ಏರಿಸುತ್ತಾರೆ.

ವಿಷಶಾಸ್ತ್ರ_ಲ್ಯಾಬ್ ಉತ್ತರ:

ಒಂದು ಸೇರ್ಪಡೆ. ಅಂಗಡಿ ಬಾಗಿಲು ಮುಚ್ಚಿದಾಗ, ಇಲ್ಲವೇ ಮಾಲೆ ಹಾಕಿ ಅಂಗಡಿಗೆ ಹೋಗಲು ನಾಚಿದಾಗ ಕೆಲವರು ಸ್ಯಾನಿಟೈಸರ್, ಥಿನ್ನರ್, ಕಳ್ಳಬಟ್ಟಿಗೆ ಹೋಗುತ್ತಾರೆ. 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರ ತನಕ ರಾಜ್ಯದಲ್ಲಿ ಮದ್ಯದಂಗಡಿ ಮುಚ್ಚಿದ್ದಾಗ ವಿತ್‌ಡ್ರಾವಲ್ ಕೇಸುಗಳ ಜೊತೆ ಇವೂ ಬಂದವು. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾಯಿತು, 2008ರ ಮೇನಲ್ಲಿ ಬೆಂಗಳೂರು ಸುತ್ತಮುತ್ತ ಮತ್ತು ಗಡಿಯಾಚೆ ಕೃಷ್ಣಗಿರಿ ಕಡೆ ಕಳ್ಳಬಟ್ಟಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್, ಅಂದರೆ ಕುಡಿಯಬಾರದ ಇನ್ನೊಂದು ಬಗೆಯ ಆಲ್ಕೊಹಾಲ್.

ಮೆಥನಾಲ್ ತಾನೇ ಅಷ್ಟು ವಿಷವಲ್ಲ. ಲಿವರ್ ಅದನ್ನು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಮಾಡಿದ ಮೇಲೆ ಕಣ್ಣಿನ ನರ ಸುಡುತ್ತದೆ, ರಕ್ತ ಆಮ್ಲವಾಗುತ್ತದೆ. ಇದಕ್ಕೆ 12ರಿಂದ 24 ಗಂಟೆ ಹಿಡಿಯುವುದರಿಂದ ಮೊದಲ ದಿನ ಮಾಮೂಲಿ ಹ್ಯಾಂಗೋವರ್ ಥರ ಕಾಣುತ್ತದೆ. ಜೊತೆಗೆ ಒಳ್ಳೆಯ ಎಣ್ಣೆಯೂ ಕುಡಿದಿದ್ದರೆ ಇನ್ನೂ ತಡ. ವಿತ್‌ಡ್ರಾವಲ್‌ನಿಂದ ಬೇರೆ ಮಾಡಲು ಎರಡು ಸುಳಿವು: ಕಣ್ಣು ಮಂಜು, ಮಂಜು ಸುರಿದ ಹಾಗೆ ಬೆಳ್ಳಗೆ ಕಾಣುವುದು, ಮತ್ತು ಆಳವಾದ, ವೇಗದ ಉಸಿರು. ಹೊಟ್ಟೆನೋವೂ ಜೋರು. ಒಬ್ಬರು ಬಂದರೆ ಅವರ ಜೊತೆ ಕುಡಿದವರೆಲ್ಲರನ್ನೂ ಹುಡುಕಿ ಕರೆಸಿ, ಚೆನ್ನಾಗಿರುವವರನ್ನೂ. ಚಿಕಿತ್ಸೆ ಫೊಮೆಪಿಜೋಲ್. ಅದು ಸಿಗದಿದ್ದರೆ ಎಥನಾಲನ್ನೇ (ಮಾಮೂಲಿ ಎಣ್ಣೆಯಲ್ಲಿರುವ ಆಲ್ಕೊಹಾಲ್) ರಕ್ತದಲ್ಲಿ 100ರಿಂದ 150 ಮಿ.ಗ್ರಾಂ/ಡೆಸಿಲೀಟರ್ ಮಟ್ಟದಲ್ಲಿ ಹಿಡಿದಿಡುವುದು. ಲಿವರಿನ ಒಂದೇ ಕಿಣ್ವಕ್ಕೆ ಮೆಥನಾಲ್, ಎಥನಾಲ್ ಎರಡೂ ಪೈಪೋಟಿ ಮಾಡುತ್ತವೆ, ಎಥನಾಲ್ ಗೆಲ್ಲುತ್ತದೆ. ಜೊತೆಗೆ ಬೈಕಾರ್ಬನೇಟ್, ಫೋಲಿನಿಕ್ ಆಮ್ಲ, ಡಯಾಲಿಸಿಸ್. ಹಾಗಾಗಿ ಡಯಾಲಿಸಿಸ್ ಇರುವ ಜಿಲ್ಲಾಸ್ಪತ್ರೆಗೇ ಕಳಿಸಿ, ನಡುವೆ ಎಲ್ಲೂ ಇಳಿಸಬೇಡಿ.

ಆಪ್ತಸಮಾಲೋಚಕಿ_ಮಲೆನಾಡು ಉತ್ತರ:

ಎಲ್ಲರೂ ಮಾಲೆ ಹಾಕುವ ದಿನದ ಬಗ್ಗೆ ಹೇಳಿದಿರಿ. ಮಾಲೆ ತೆಗೆಯುವ ದಿನ ಅಷ್ಟೇ ಮುಖ್ಯ. 41 ಅಥವಾ 48 ದಿನ ಬಿಟ್ಟವರಲ್ಲಿ ಎಣ್ಣೆಯನ್ನು ತಾಳಿಕೊಳ್ಳುವ ಶಕ್ತಿ ಇಳಿದಿರುತ್ತದೆ. ಶಬರಿಮಲೆಯಿಂದ ವಾಪಸ್ ಬರುವ ಟೆಂಪೊದಲ್ಲೇ ಹಳೆಯ ಮೂರು ಕ್ವಾರ್ಟರ್ ಲೆಕ್ಕ ಹಿಡಿದರೆ ವಾಂತಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಕುತ್ತು.

ವ್ರತದಲ್ಲಿ ಬಿಡುವುದು ಸುಲಭವಾಗುವುದಕ್ಕೆ ಕಾರಣಗಳಿವೆ: ಜೊತೆಗಾರರು ಬದಲಾಗುತ್ತಾರೆ, ಸಂಜೆಯ ಹೊತ್ತು ಭಜನೆಯಲ್ಲಿ ತುಂಬಿರುತ್ತದೆ, 'ಸ್ವಾಮಿ' ಎಂದು ಎಲ್ಲರೂ ಮರ್ಯಾದೆ ಕೊಡುತ್ತಾರೆ, ಬೇಡ ಅನ್ನಲು ಕುತ್ತಿಗೆಯಲ್ಲೇ ಉತ್ತರ ಇರುತ್ತದೆ. ಮಾಲೆ ತೆಗೆದ ಸಂಜೆ ಈ ನಾಲ್ಕೂ ಒಟ್ಟಿಗೆ ಹೋಗುತ್ತವೆ. ಅದಕ್ಕೆ ಮೂವತ್ತನೇ ದಿನದ ಸುಮಾರಿಗೇ ಕೂತು ಮಾತಾಡಿ: ಮಾಲೆ ತೆಗೆದ ದಿನ ಸಂಜೆ ಆರರಿಂದ ಹತ್ತರ ತನಕ ಎಲ್ಲಿರುತ್ತೀರಿ, ಯಾರ ಜೊತೆ, ಬಟವಾಡೆಯ ದುಡ್ಡು ಯಾರ ಕೈಗೆ, ಯಾವ ದಾರಿಯಲ್ಲಿ ಮನೆಗೆ. ಕುಡಿಯಬೇಕೆಂಬ ತುಡಿತ ಅಲೆಯಂತೆ ಏರಿ ಇಳಿಯುತ್ತದೆ, ಬಹುತೇಕ 20-30 ನಿಮಿಷ. ಅಷ್ಟು ಹೊತ್ತನ್ನು ಹೇಗೆ ಕಳೆಯುವುದು ಎಂದು ಮೊದಲೇ ಗೊತ್ತು ಮಾಡಿಕೊಂಡವರು ದಾಟುತ್ತಾರೆ. ಹಸಿವು, ಸಿಟ್ಟು, ಒಂಟಿತನ, ದಣಿವು ನಾಲ್ಕೂ ತುಡಿತವನ್ನು ಏರಿಸುತ್ತವೆ. ಹಾಗಾಗಿ ಸಂಜೆ ಐದಕ್ಕೆ ಹೊಟ್ಟೆ ತುಂಬ ಏನಾದರೂ ತಿನ್ನಲು ಹೇಳುವುದು ಸಣ್ಣ ಸಲಹೆಯಲ್ಲ. ನಾಲ್ಟ್ರೆಕ್ಸೋನ್ ಅಥವಾ ಅಕಾಂಪ್ರೊಸೇಟ್ ಕೊಡುವುದಿದ್ದರೆ ವ್ರತದ ನಡುವೆಯೇ ಶುರುವಾಗಬೇಕು, ಮಾಲೆ ತೆಗೆದ ಮೇಲಲ್ಲ.

ಒಂದು ಪೆಗ್ ಜಾರಿದರೆ 'ಎಲ್ಲ ಹೋಯ್ತು' ಎಂದು ಪೂರ್ತಿ ಬಾಟಲಿ ಮುಗಿಸುವ ಮನಸ್ಥಿತಿಯೇ ಹೆಚ್ಚು ಹಾನಿ ಮಾಡುವುದು. ಜಾರಿದ ದಿನವೇ ಫೋನ್ ಮಾಡುವ ಒಪ್ಪಂದ ಮಾಡಿಕೊಳ್ಳಿ, ಹೆಂಡತಿಗೂ ಅದನ್ನು ಹೇಳಿಡಿ, ಆ ರಾತ್ರಿ ಬೈಗುಳ ಬೇಡವೆಂದು. ಬಿಟ್ಟ ಮೊದಲ ವಾರಗಳ ಮಂಕು, ನಿದ್ದೆಗೇಡಿಗೆ ತಕ್ಷಣ ಖಿನ್ನತೆಯ ಹಣೆಪಟ್ಟಿ ಬೇಡ, ಬಹಳಷ್ಟು ಜನರಲ್ಲಿ ಮೂರು ನಾಲ್ಕು ವಾರದಲ್ಲಿ ತಾನೇ ಇಳಿಯುತ್ತದೆ. ಸಾಯುವ ಮಾತು ಬಂದರೆ ಮಾತ್ರ ಕಾಯಬೇಡಿ.

ಮನೆಯವರು ಸಿಟ್ಟಿಗೆದ್ದು 'ಬಿಡಿಸುವ ಕೇಂದ್ರ'ಕ್ಕೆ ಎತ್ತಿಹಾಕಿಸುವ ಮುಂಚೆ ಮೂರು ಸಂಗತಿ ವಿಚಾರಿಸಲಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇದೆಯೇ, ಮೊದಲ ಐದು ದಿನ ರಾತ್ರಿ ವೈದ್ಯರೋ ನರ್ಸೋ ಇರುತ್ತಾರೆಯೇ, ಬಿ1 ಇಂಜೆಕ್ಷನ್ ಕೊಡುತ್ತಾರೆಯೇ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳಿಗೂ ಅನ್ವಯಿಸುತ್ತದೆ, ಸರಪಳಿ ಹಾಕುವುದು ಅದರಲ್ಲಿ ಪೂರ್ತಿ ನಿಷಿದ್ಧ. ಹತ್ತಿರದ ದಾರಿ ಅಂದರೆ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಮಾನಸಿಕ ಆರೋಗ್ಯ ಕ್ಲಿನಿಕ್. ಕ್ಲಿಷ್ಟ ಕೇಸುಗಳಿಗೆ ನಿಮ್ಹಾನ್ಸಿನ ವ್ಯಸನ ಚಿಕಿತ್ಸಾ ವಿಭಾಗ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಲು ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ಉಪಕೇಂದ್ರ_ಸಿಎಚ್‌ಒ:

ಹಾಗಾದರೆ ಅಕ್ಟೋಬರಿನಲ್ಲೇ ಗುರುಸ್ವಾಮಿಗಳ ಹತ್ತಿರ ಹೋಗಿ, ಈ ಸಲ ಮಾಲೆ ಹಾಕುವವರಲ್ಲಿ ಬೆಳಿಗ್ಗೆ ಕುಡಿಯುವವರು ಯಾರು ಎಂದು ಕೇಳಿ ಪಟ್ಟಿ ಮಾಡುತ್ತೇವೆ. ಪಿಎಚ್‌ಸಿಯಲ್ಲಿ ಥಯಾಮಿನ್ ಇಂಜೆಕ್ಷನ್, ಲೊರಾಜೆಪಾಂ ಎರಡಕ್ಕೂ ಬೇಡಿಕೆ ಪತ್ರ ಹಾಕಬೇಕು.

ರಾತ್ರಿಪಾಳಿ_ಸಿಸ್ಟರ್:

ಲೊರಾಜೆಪಾಂ ಇಂಜೆಕ್ಷನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಲಸಿಕೆ ಇಡುವ ವಿಶೇಷ ಫ್ರಿಜ್ ಐಎಲ್‌ಆರ್‌ನಲ್ಲಿ ಬೇರೆ ಔಷಧಿ ಇಡುವಂತಿಲ್ಲ, ಬೇರೆ ಫ್ರಿಜ್ ಇದೆಯೇ ನೋಡಿಕೊಂಡು ಬೇಡಿಕೆ ಹಾಕಿ. ಇಲ್ಲದಿದ್ದರೆ ಮಿಡಜೋಲಾಂ ಮೂಗಿನ ಸ್ಪ್ರೇ ಕೇಳಿ, ಅದಕ್ಕೆ ಫ್ರಿಜ್ ಬೇಡ. ಆದರೆ ಅದು ನಡೆಯುತ್ತಿರುವ ಫಿಟ್ಸ್ ನಿಲ್ಲಿಸಲು ಮಾತ್ರ. ಪರಿಣಾಮ ಬೇಗ ಇಳಿಯುವುದರಿಂದ ಮುಂದಿನ ಫಿಟ್ಸ್ ತಡೆಯುತ್ತದೆಂದು ನಂಬಿ ಕೂರಬೇಡಿ, ಸ್ಪ್ರೇ ಹೊಡೆದ ಕೂಡಲೇ 108ಕ್ಕೆ ಕರೆ ಮಾಡಿ.